ಬುರುಜಿನ ಮೇಲಿನ ಹಳದಿ ಬಟ್ಟೆ

ಕನ್ನಡಕದಕ್ಕನಿಗೆ ಆ ಹೆಸರು ಬಂದದ್ದು ಅವಳು ಕನ್ನಡಕ ಹಾಕಿಕೊಳ್ಳುತ್ತಿದ್ದಳು ಎಂದಲ್ಲ. ಅವಳು ಹಾಕಿಕೊಳ್ಳುತ್ತಲೇ ಇರಲಿಲ್ಲ. ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಅವಳದೊಂದು ಕನ್ನಡಕದ ಅಂಗಡಿ ಇತ್ತು. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಹೊಸ್ತಿಲ ಮೇಲೆ ನಿಲ್ಲಬೇಕು, ಅಷ್ಟೇ ಜಾಗ. ಒಂದು ಮೂಲೆಯಲ್ಲಿ ಗಾಜು ಉಜ್ಜುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಚೌಕಟ್ಟುಗಳ ಕಪಾಟು, ಎದುರುಗೋಡೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ. ಹಲಗೆಯ ಮೇಲ್ತುದಿಯ ಅಕ್ಷರ ತಟ್ಟೆಯಷ್ಟು ದೊಡ್ಡದು, ಕೊನೆಯ ಸಾಲು ಇರುವೆ ಸಾಲು.

ಮೂವತ್ತು ವರ್ಷದಿಂದ ಊರಿನವರ ಕಣ್ಣುಗಳನ್ನೆಲ್ಲ ಅವಳು ಅದೇ ಹಲಗೆಯ ಮುಂದೆ ನಿಲ್ಲಿಸಿದ್ದಳು. ವರ್ಷಕ್ಕೊಮ್ಮೆ ತನ್ನ ಕಣ್ಣನ್ನೂ ನಿಲ್ಲಿಸುತ್ತಿದ್ದಳು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಮೇಲಿನಿಂದ ಕೆಳಗಿನವರೆಗೆ ಒಂದಕ್ಷರ ತಪ್ಪದೆ ಓದಿ, “ನನ್ನ ಕಣ್ಣಿಗೇನಾಗಿದೆ, ಗುಂಡುಕಲ್ಲಿದ್ದ ಹಾಗಿದೆ” ಎನ್ನುತ್ತಿದ್ದಳು.

“ಎರಡೂ ಕಣ್ಣು ಮುಚ್ಕೊಂಡು ಓದು. ಆಗಲೂ ಒಂದಕ್ಷರ ತಪ್ಪಲ್ಲ” ಎನ್ನುತ್ತಿದ್ದ ಗಂಡ.

ಗಂಡ ಎದುರಿನ ಬಸ್ ನಿಲ್ದಾಣದಲ್ಲಿ ಟೈಂಕೀಪರ್. ಬಸ್ಸು ಬರಬೇಕಾದ ಹೊತ್ತು ಒಂದು ಕಾಲಂನಲ್ಲಿ, ಬಂದ ಹೊತ್ತು ಪಕ್ಕದ ಕಾಲಂನಲ್ಲಿ ಬರೆಯುವುದು ಅವನ ಕೆಲಸ. ಎರಡೂ ಒಂದೇ ಆದ ದಿನ ಅವನ ವೃತ್ತಿಜೀವನದಲ್ಲಿ ಬಂದಿರಲಿಲ್ಲ. ಹಾಗಾಗಿ ಯಾವುದಕ್ಕೂ ಅವಸರಪಡದ, ಯಾರ ಮಾತನ್ನೂ ಪೂರಾ ನಂಬದ, ಕುಳಿತಲ್ಲೇ ಚಿವುಟುವ ಸ್ವಭಾವ ಅವನಿಗೆ ಮೈಗೂಡಿತ್ತು.

ಊರು ಗಡಿಯ ಮೇಲಿತ್ತು. ಹಿಂದೆ ಗುಡ್ಡ, ಗುಡ್ಡದ ತುದಿಯಲ್ಲಿ ಹಳೆಯ ಕೋಟೆ, ಮುಂದೆ ಹೊಳೆ, ಹೊಳೆಯಾಚೆ ಬೇರೆ ದೇಶ. ಕೋಟೆಯ ಹೆಬ್ಬಾಗಿಲಿನ ಫಲಕದಲ್ಲಿ, ಆಚೆಯವರು ದಂಡೆತ್ತಿ ಬಾರದಿರಲೆಂದು ಈಚೆಯ ದೊರೆ ಇದನ್ನು ಕಟ್ಟಿಸಿದನೆಂದು ಬರೆದಿತ್ತು. ಆಚೆಯ ಶಾಲೆಗಳಲ್ಲಿ, ಕಟ್ಟಿಸಿದವನು ತಮ್ಮ ದೊರೆ, ಈಚೆಯವರು ಕಸಿದುಕೊಂಡರು ಎಂದು ಪಾಠ. “ಇಷ್ಟು ಕಲ್ಲು ಹೊತ್ತವರು ಯಾವ ಕಡೆಯವರಾದ್ರೇನು, ಬೆನ್ನು ನೋವು ಮಾತ್ರ ಒಂದೇ” ಎಂಬುದು ಟೈಂಕೀಪರನ ಇತಿಹಾಸ.

ಅಕ್ಕನ ಒಬ್ಬಳೇ ತಂಗಿ ಆಚೆ ದಡದಲ್ಲಿದ್ದಳು. ಚಿಕ್ಕಂದಿನಲ್ಲಿ ಸಣಕಲು ಇದ್ದದ್ದರಿಂದ ಅವಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಈಗ ಐವತ್ತೆರಡು ವರ್ಷ, ಮೈಕೈ ತುಂಬಿಕೊಂಡಿದ್ದಳು, ಹೆಸರು ಮಾತ್ರ ಹಾಗೇ ಉಳಿದಿತ್ತು. ಆಚೆಯ ಔಷಧಿ ಅಂಗಡಿಯವನನ್ನು ಮದುವೆಯಾಗಿ ಹೋಗಿದ್ದಳು. ಮೊದಮೊದಲು ಸೇತುವೆ ದಾಟಿ ಹೋಗಿಬರುವುದು ಪಕ್ಕದ ಬೀದಿಗೆ ಹೋಗಿಬಂದಷ್ಟೇ ಸಲೀಸಾಗಿತ್ತು. ಆಮೇಲೆ ಪಾಸು ಬಂತು, ಪಾಸಿಗೆ ಭಾವಚಿತ್ರ ಬಂತು, ಭಾವಚಿತ್ರಕ್ಕೆ ಮೊಹರು ಬಂತು. ಅಕ್ಕನ ಪಾಸು ಮುಗಿದು ಆರು ವರ್ಷವಾಗಿತ್ತು. ಹೊಸದು ಬೇಕೆಂದರೆ ಜಿಲ್ಲಾ ಕಚೇರಿಯಲ್ಲಿ ಎರಡು ದಿನ ಸಾಲು ನಿಲ್ಲಬೇಕು, ಅಷ್ಟು ಹೊತ್ತು ಅಂಗಡಿ ಮುಚ್ಚಲಾಗದು ಎಂದು ಅವಳು ಸುಮ್ಮನಿದ್ದಳು. ತಂಗಿಯೇ ವರ್ಷಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದಳು.

ಉಳಿದ ದಿನಗಳಿಗೆ ಕೋಟೆ ಇತ್ತು. ತಿಂಗಳ ಮೊದಲ ಭಾನುವಾರ, ಮಳೆಯ ಸೂಚನೆ ಇಲ್ಲದಿದ್ದರೆ, ಅಕ್ಕ ನಾನೂರ ಹನ್ನೆರಡು ಮೆಟ್ಟಿಲು ಹತ್ತಿ, ಹನ್ನೊಂದು ಗಂಟೆಗೆ ಸರಿಯಾಗಿ ಹೊಳೆ ಕಡೆಯ ಬುರುಜಿನ ಮೇಲೆ ನಿಂತು ಹಳದಿ ಮೇಜುಬಟ್ಟೆಯೊಂದನ್ನು ಬೀಸುತ್ತಿದ್ದಳು. ಆಚೆ ದಡದಲ್ಲಿ ಗುಬ್ಬಿ ತನ್ನ ತಾರಸಿಯ ಮೇಲಿಂದ ಕೆಂಪು ಕಂಬಳಿ ಬೀಸುತ್ತಿದ್ದಳು. ಸಂಜೆ ಫೋನು.

“ಕಂಡೆಯೇನೇ?”

“ಕಂಡೆ ಅಕ್ಕ. ನೀನು?”

“ಕಣ್ಣಿಗೆ ಕಟ್ಟಿದ ಹಾಗೆ ಕಂಡೆ.”

ಒಂಬತ್ತು ವರ್ಷ ಇದು ನಡೆದಿತ್ತು. “ಫೋನಲ್ಲಿ ದಿನಾ ಮಾತಾಡ್ತೀರಲ್ಲ, ಅದೂ ಸಾಲ್ದು ಅಂತ ಗುಡ್ಡ ಹತ್ತಬೇಕಾ” ಎಂದು ಗಂಡ ಕೇಳಿದರೆ ಅಕ್ಕ, “ಮಾತಾಡೋದು ಬೇರೆ, ನೋಡೋದು ಬೇರೆ” ಎನ್ನುತ್ತಿದ್ದಳು.

“ನೋಡೋದೇನು, ಒಂದು ಕೆಂಪು ಚುಕ್ಕೆ.”

“ಚುಕ್ಕೆಯಾದ್ರೂ ನನ್ನ ತಂಗಿ ಚುಕ್ಕೆ. ನಿಮಗೇನ್ರೀ ಕಷ್ಟ?”

ಆ ವರ್ಷ ಬೇಸಿಗೆಯ ಆರಂಭದಲ್ಲಿ ಕೋಟೆಯ ಉಸ್ತುವಾರಿಯವರು ಬುರುಜಿನ ಮೇಲೆ ಒಂದು ದೊಡ್ಡ ದುರ್ಬೀನು ನಿಲ್ಲಿಸಿದರು. ಕಬ್ಬಿಣದ ಕಾಲಿನ ಮೇಲೆ, ಯಾರು ಬೇಕಾದರೂ ಕಣ್ಣಿಟ್ಟು ನೋಡುವಂಥದ್ದು. ಟೈಂಕೀಪರನಿಗೆ ಯಂತ್ರವೆಂದರೆ ಆಸೆ. ಹತ್ತು ವರ್ಷದಿಂದ ಗುಡ್ಡದ ಕಡೆ ತಲೆ ಹಾಕದವನು ಆ ಭಾನುವಾರ ಬೂಟಿನ ಲಾಡಿ ಬಿಗಿದು ಹೆಂಡತಿಯ ಹಿಂದೆ ಹೊರಟ.

ಮೊದಲನೆಯ ಬಾಗಿಲಿನಲ್ಲಿ ಅವನು ಫಲಕ ಓದಲು ನಿಂತ. ಎರಡನೆಯದರಲ್ಲಿ ತುಕ್ಕು ಹಿಡಿದ ಫಿರಂಗಿಯ ಬಾಯೊಳಗೆ ಇಣುಕಿ, ಬಿಸ್ಕತ್ತಿನ ಕಾಗದಗಳನ್ನು ಎಣಿಸಲು ನಿಂತ. ಮೂರನೆಯದರಲ್ಲಿ ನಿಲ್ಲಲು ಏನೂ ಕಾರಣವಿರಲಿಲ್ಲ, ಸುಮ್ಮನೆ ಕಲ್ಲಿನ ಮೇಲೆ ಕುಳಿತುಬಿಟ್ಟ.

“ತಡವಾಗಿ ಬಂದ ಬಸ್ಸು ಅಂತ ಬರ್ಕೊಳ್ಳಲಾ?” ಎಂದಳು ಅಕ್ಕ. ಅವಳಿಗೆ ಉಸಿರೂ ಏರಿರಲಿಲ್ಲ.

“ಬರ್ಕೋ. ಎಂಜಿನ್ ಬಿಸಿಯಾಗಿದೆ ಅಂತ ಷರಾ ಹಾಕು.”

ಮೇಲೆ ತಲುಪಿದಾಗ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಅಕ್ಕ ಚೀಲದಿಂದ ಮೇಜುಬಟ್ಟೆ ತೆಗೆದು, ಗಾಳಿಯ ದಿಕ್ಕು ನೋಡಿ ಬೀಸತೊಡಗಿದಳು. ದೂರದಲ್ಲಿ, ಹೊಳೆಯಾಚೆಯ ಚಾವಣಿಗಳ ನಡುವೆ ಒಂದು ಕೆಂಪು ಚುಕ್ಕೆ ಎದ್ದು ಅತ್ತಿತ್ತ ಆಡಿತು. ಅಕ್ಕನ ಮುಖ ಅರಳಿತು. ಟೈಂಕೀಪರ್ ದುರ್ಬೀನಿಗೆ ಕಣ್ಣಿಟ್ಟು ತಿರುಪು ತಿರುಗಿಸಿದ.

“ಕಾಣಿಸ್ತಾ?”

“ಕಾಣಿಸ್ತು.”

“ಹೇಗಿದ್ದಾಳೆ?”

ಅವನು ಕಣ್ಣು ತೆಗೆಯದೆ, “ಆರೋಗ್ಯವಾಗಿದ್ದಾಳೆ. ಆದ್ರೆ ಮೀಸೆ ಬಂದಿದೆ” ಎಂದ.

“ನಿಮ್ಮ ಕುಚೋದ್ಯ ಸಾಕು.”

“ಕುಚೋದ್ಯ ಅಲ್ಲ ಕಣೇ. ಒಳ್ಳೆ ದಪ್ಪ ಮೀಸೆ. ತಲೇಲಿ ಮಾತ್ರ ಒಂದು ಕೂದಲೂ ಇಲ್ಲ ಪಾಪ.”

ಅಕ್ಕ ಅವನನ್ನು ಪಕ್ಕಕ್ಕೆ ತಳ್ಳಿ ತಾನೇ ನೋಡಿದಳು. ನಾಲ್ಕಂತಸ್ತಿನ ಕಟ್ಟಡವೊಂದರ ಚಾವಣಿಯ ಮೇಲೆ ಬೋಳುತಲೆಯ ಗಂಡಸೊಬ್ಬ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಕೆಂಪು ಕಂಬಳಿ ಹಿಡಿದು ಬೀಸುತ್ತಿದ್ದ. ಅವನ ಸುತ್ತ ತಂತಿಗಳು, ತಂತಿಗಳ ಕೆಳಗೆ ಬಕೆಟ್ಟುಗಳು. ಗುಬ್ಬಿಯೂ ಇಲ್ಲ, ಗುಬ್ಬಿಯ ತಾರಸಿಯೂ ಇಲ್ಲ. ಅಕ್ಕ ದುರ್ಬೀನನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಮತ್ತೆ ಅಲ್ಲಿಗೇ ಬಂದಳು. ಬೋಳುತಲೆ ಅಷ್ಟರಲ್ಲಿ ಬೀಸುವುದನ್ನು ನಿಲ್ಲಿಸಿ ಕಂಬಳಿಯನ್ನು ತಂತಿಯ ಮೇಲೆ ಹರಡುತ್ತಿದ್ದ.

“ಅವಳ ಗಂಡ ಇರಬಹುದಾ?” ಎಂದ ಟೈಂಕೀಪರ್, ಸಮಾಧಾನಕ್ಕೆಂಬಂತೆ.

“ಅವನಿಗೆ ತಲೆ ತುಂಬ ಕೂದಲಿದೆ” ಎಂದಷ್ಟೇ ಹೇಳಿ ಅಕ್ಕ ಮೇಜುಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದಳು. ಇಳಿಯುವಾಗ ಗಂಡ ಎಲ್ಲೆಲ್ಲಿ ನಿಂತನೋ ಅವಳು ನೋಡಲಿಲ್ಲ.

ಸಂಜೆ ಫೋನು ಬಂತು. ಟೈಂಕೀಪರ್ ಪತ್ರಿಕೆ ಹಿಡಿದು ಹತ್ತಿರವೇ ಕುಳಿತ. ಪುಟ ತಿರುಗಿಸಲಿಲ್ಲ.

“ಅಕ್ಕಾ, ಎಷ್ಟು ಚೆನ್ನಾಗಿ ಕಂಡೆ ಗೊತ್ತಾ ಇವತ್ತು” ಎಂದಳು ಗುಬ್ಬಿ.

“ಹೌದಾ? ಭಾವ ನನ್ನ ಎಡಕ್ಕಿದ್ರೋ, ಬಲಕ್ಕಿದ್ರೋ?”

“ಭಾವನೂ ಬಂದಿದ್ರಾ?”

“ಬಂದಿದ್ರು. ನಿನ್ನ ತಲೇಲಿ ಕೂದಲು ಇದ್ಯೇನೇ ಗುಬ್ಬಿ?”

“ಇದೇನಕ್ಕ ಹೀಗೆ ಕೇಳ್ತೀಯ?”

“ಇದ್ಯೋ ಇಲ್ವೋ ಹೇಳು. ಮೀಸೆ ವಿಷಯ ಆಮೇಲೆ ಕೇಳ್ತೀನಿ.”

ಗುಬ್ಬಿ ಸ್ವಲ್ಪ ಹೊತ್ತು ಆ ಮಾತು ಈ ಮಾತು ಆಡಿ ನೋಡಿದಳು. ಸಾಗಲಿಲ್ಲ. ಕೊನೆಗೆ ಎಲ್ಲ ಹೊರಗೆ ಬಂತು. ಐದು ವರ್ಷದ ಹಿಂದೆ ಅವರ ಮನೆಯ ಮುಂದೆಯೇ ಒಂದು ನಾಲ್ಕಂತಸ್ತಿನ ಕಟ್ಟಡ ಎದ್ದಿತ್ತು. ಅದು ಎದ್ದ ಮೇಲೆ ಅವಳ ತಾರಸಿಯಿಂದ ಕೋಟೆಯಿರಲಿ, ಗುಡ್ಡವೂ ಕಾಣುತ್ತಿರಲಿಲ್ಲ. ಹೇಳೋಣ ಎಂದುಕೊಂಡ ತಿಂಗಳೇ ಅಕ್ಕ ಫೋನಿನಲ್ಲಿ, “ಇವತ್ತಂತೂ ನೀನು ಯಾವತ್ತಿಗಿಂತ ಹತ್ತಿರ ಕಂಡೆ” ಎಂದುಬಿಟ್ಟಿದ್ದಳು. ಅಷ್ಟು ಖುಷಿಯಲ್ಲಿದ್ದವಳಿಗೆ ಇಲ್ಲ ಎನ್ನಲು ಗುಬ್ಬಿಗೆ ಬಾಯಿ ಬಂದಿರಲಿಲ್ಲ.

“ಮುಂದಿನ ತಿಂಗಳು ಹೇಳೋಣ, ಮುಂದಿನ ತಿಂಗಳು ಹೇಳೋಣ ಅಂತಲೇ ಆಯ್ತಕ್ಕ. ಅಲ್ದೆ ನಿನ್ನ ಸಕ್ಕರೆ ಕಾಯಿಲೆಗೆ ಗುಡ್ಡ ಹತ್ತೋದು ಒಳ್ಳೇದು ಅಂತ ಡಾಕ್ಟರು ಬೇರೆ ಹೇಳಿದ್ರಲ್ಲ.”

“ಹಾಗಾದ್ರೆ ಮೇಲೆ ಇರೋನು ಯಾರು?”

“ಲಾಂಡ್ರಿಯವನು. ಆ ಕಟ್ಟಡದ ಚಾವಣಿ ಮೇಲೆ ಬಟ್ಟೆ ಒಣಗಿಸ್ತಾನೆ. ಸೇತುವೆ ಪಕ್ಕದ ವಸತಿಗೃಹದೋರು ತಿಂಗಳ ಮೊದಲನೇ ಭಾನುವಾರ ಕೆಂಪು ಕಂಬಳಿಗಳನ್ನ ಒಗೆಯೋಕೆ ಕೊಡ್ತಾರೆ. ಅವನು ಹರಡೋ ಮುಂಚೆ ಜಾಡಿಸ್ತಾನಲ್ಲ, ಅದು ನಿನಗೆ…” ಗುಬ್ಬಿ ಅಲ್ಲಿಗೆ ನಿಲ್ಲಿಸಿದಳು.

“ಅಂದ್ರೆ ಅವನು ಬೀಸ್ತಾನೂ ಇರಲಿಲ್ಲ” ಎಂದಳು ಅಕ್ಕ. “ಐದು ವರ್ಷ ನಾನು ಕಂಬಳಿ ಕೊಡವೋನಿಗೆ ಕೈ ಬೀಸಿದೀನಿ.”

ಫೋನು ಇಟ್ಟಳು.

ಟೈಂಕೀಪರ್ ಪತ್ರಿಕೆಯ ಅಂಚಿನಲ್ಲಿ ಏನೋ ಗುಣಿಸುತ್ತಿದ್ದ. “ಅರವತ್ತು ಸಲ ಅಂತಿಟ್ಕೊಂಡ್ರೆ ಇಪ್ಪತ್ತನಾಲ್ಕು ಸಾವಿರದ ಏಳುನೂರ ಇಪ್ಪತ್ತು ಮೆಟ್ಟಿಲು. ಇದು ಹತ್ತಿದ್ದು ಮಾತ್ರ. ಇಳಿದದ್ದು ಬೇರೆ” ಎಂದ.

ಬೇರೆ ದಿನವಾಗಿದ್ದರೆ ಅವಳು ತಿರುಗಿ ಒಂದು ಮಾತು ಎಸೆಯುತ್ತಿದ್ದಳು. ಈಗ ಎದ್ದು ಒಳಗೆ ಹೋಗಿ ಪಾತ್ರೆ ಜೋಡಿಸತೊಡಗಿದಳು. ಟೈಂಕೀಪರ್ ತನ್ನ ಲೆಕ್ಕವನ್ನು ಹೊಡೆದುಹಾಕಿದ.

ಮೂರು ದಿನ ಅವಳು ತಂಗಿಯ ಫೋನು ಎತ್ತಲಿಲ್ಲ. ಎತ್ತಿದ ಗಂಡ ಪ್ರತಿಸಲವೂ, “ಅಂಗಡೀಲಿ ಇದ್ದಾಳಮ್ಮ” ಎಂದ, ಅವಳು ಪಕ್ಕದಲ್ಲೇ ಕುಳಿತಿದ್ದರೂ. ನಾಲ್ಕನೆಯ ದಿನ ಮಧ್ಯಾಹ್ನ ಅವನು ಒಂದು ಹಳೆಯ ವೇಳಾಪಟ್ಟಿಯ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳ ಅಂಗಡಿಗೆ ಬಂದ. ಗಿರಾಕಿಗಳಿರಲಿಲ್ಲ. ಅವನು ಅಕ್ಷರಗಳ ಹಲಗೆಯನ್ನು ಕೆಳಗಿಳಿಸಿ, ಆ ಮೊಳೆಗೆ ತನ್ನ ರಟ್ಟನ್ನು ನೇತುಹಾಕಿದ. ಹಿಂಬದಿಯಲ್ಲಿ ತಾನೇ ಮಸಿಯಿಂದ ಅಕ್ಷರಗಳನ್ನು ಬರೆದಿದ್ದ. ಮೇಲೆ ದೊಡ್ಡದು, ಕೆಳಗೆ ಬರುತ್ತ ಸಣ್ಣದು, ಎಲ್ಲ ಹೊಸ ಅಕ್ಷರಗಳು.

“ಓದು.”

“ನನಗೆ ಕೆಲಸ ಇದೆ.”

“ಓದು ಕಣೇ. ಎರಡು ನಿಮಿಷ.”

ಅವಳು ಅಂಗೈಯಿಂದ ಒಂದು ಕಣ್ಣು ಮುಚ್ಚಿದಳು. ಮೊದಲ ಸಾಲು ಬಂತು. ಎರಡನೆಯದು ಬಂತು. ಮೂರನೆಯ ಸಾಲಿನಲ್ಲಿ ಅವಳು ನಿಂತಳು. ಕತ್ತು ಮುಂದೆ ಚಾಚಿದಳು. ಗಂಡ ಅವಳ ಭುಜ ಹಿಡಿದು ಹಿಂದಕ್ಕೆ ತಂದ. ಅವಳು ಗಿರಾಕಿಗಳಿಗೆ ಮಾಡುತ್ತಿದ್ದದ್ದೂ ಅದನ್ನೇ.

“ಇದು ‘ಬ’ನೋ ‘ಒ’ನೋ?” ಎಂದಳು.

“ಅದು ‘ಜ’.”

ಅಕ್ಕ ಕುರ್ಚಿಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಟೈಂಕೀಪರ್ ಹೆದರಿದ. ಅವಳು ನಗುತ್ತಿದ್ದಳು.

“ನಿಮ್ಮ ಅಕ್ಷರವೇ ಸರಿಯಿಲ್ಲ” ಎಂದಳು. ಆದರೆ ಅಂದೇ ಸಂಜೆ ಬಾಗಿಲು ಅರ್ಧ ಎಳೆದುಕೊಂಡು ತನಗಾಗಿ ಎರಡು ಗಾಜು ಉಜ್ಜಿ, ಕಪಾಟಿನ ಮೂಲೆಯಲ್ಲಿ ವರ್ಷಗಟ್ಟಲೆ ಮಾರಾಟವಾಗದೆ ಉಳಿದಿದ್ದ ಕಂದು ಚೌಕಟ್ಟಿಗೆ ಕೂರಿಸಿದಳು. ಹಾಕಿಕೊಂಡು ಹೊರಗೆ ಬಂದು ಎದುರಿನ ಬಸ್ ನಿಲ್ದಾಣ ನೋಡಿದಳು. “ಅಯ್ಯೋ, ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷ ಆಗಿದೆ ನಿಮ್ಮೋರು” ಎಂದಳು.

ಕಣ್ಣು ಸರಿಯಾಯಿತು, ಮನಸ್ಸು ಆಗಲಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರ ಬಿಸಿಲು ಹೊಡೆದಿತ್ತು, ಮೋಡದ ಚೂರೂ ಇರಲಿಲ್ಲ. ಅಕ್ಕ ಗುಡ್ಡ ಹತ್ತಲಿಲ್ಲ. ಹಳದಿ ಬಟ್ಟೆಯನ್ನು ಮೇಜಿನ ಮೇಲೇ ಹಾಸಿ, ಅದರ ಮೇಲೆ ಸೊಪ್ಪು ಸೋಸುತ್ತ ಕುಳಿತಳು. ಹನ್ನೊಂದು ಗಂಟೆಯಾದಾಗ ಮಾತ್ರ ಒಮ್ಮೆ ಗೋಡೆ ಗಡಿಯಾರ ನೋಡಿದಳು. ಟೈಂಕೀಪರ್ ಅದನ್ನೂ ನೋಡಿದ.

ಅದಾಗಿ ಎರಡು ದಿನಕ್ಕೆ ಆಚೆ ದಡದ ಔಷಧಿ ಅಂಗಡಿಗೆ ಲಾಂಡ್ರಿಯವನು ಬಂದ. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಕೈ ಒಡೆದಿತ್ತು, ಮುಲಾಮು ಬೇಕಿತ್ತು. ಗಲ್ಲಾದಲ್ಲಿ ಗುಬ್ಬಿ ಇದ್ದಳು. ಮುಲಾಮು ಕೊಟ್ಟ ಮೇಲೂ ಅವನು ಹೋಗಲಿಲ್ಲ.

“ಅಮ್ಮಾ, ನೀವು ಆ ಕಡೆ ಊರಿನೋರಂತಲ್ಲ. ಒಂದು ಮಾತು ಕೇಳ್ಲಾ? ಕೋಟೆ ಮೇಲೆ ಹವಾಮಾನ ನೋಡೋ ಹೆಂಗಸಿದಾರಲ್ಲ, ಅವರಿಗೇನಾದ್ರೂ ವರ್ಗ ಆಯ್ತಾ?”

“ಯಾವ ಹವಾಮಾನದೋರು?”

“ಹಳದಿ ಬಾವುಟದೋರು. ತಿಂಗಳಿಗೊಂದು ಸಲ ಬರ್ತಾರೆ. ಅವರು ಬೀಸಿದ್ರೆ ಆವತ್ತು ಮಳೆ ಇಲ್ಲ ಅಂತ ಲೆಕ್ಕ. ಬರದೇ ಇದ್ರೆ ಮಳೆ ಗ್ಯಾರಂಟಿ. ಐದು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ ಅಮ್ಮ, ದೊಡ್ಡ ಕಲಿತೋರು.”

ಗುಬ್ಬಿ ಗಲ್ಲಾಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

“ಮೊದಮೊದಲು ನಾನು ಕಂಬಳಿ ಜಾಡಿಸ್ತಿದ್ದೆ ಅಷ್ಟೇ. ಆಮೇಲೆ ನೋಡಿದ್ರೆ, ನಾನು ಜಾಡಿಸಿದ್ರೇನೇ ಅವರು ನಿಲ್ಲಿಸೋದು. ಇಲ್ಲಾಂದ್ರೆ ಬೀಸ್ತಾನೇ ಇರ್ತಾರೆ, ಪಾಪ, ಕೈ ಬಿದ್ದೋಗತ್ತೆ. ಸರಿ, ಸುದ್ದಿ ಮುಟ್ಟಿತು ಅಂತ ತಿಳಿಸೋದು ಮರ್ಯಾದೆ ಅಲ್ವಾ ಅಂತ ನಾನೂ ಚೆನ್ನಾಗಿ ಎತ್ತಿ ಬೀಸೋಕೆ ಶುರು ಮಾಡಿದೆ. ಈ ಸಲ ಅವರು ಬರಲಿಲ್ಲ. ಮಳೆ ಬರುತ್ತೆ ಅಂತ ನಲವತ್ತು ಕಂಬಳಿ ಒದ್ದೆಯಾಗೇ ಇಟ್ಕೊಂಡು ಕೂತೆ. ಬಿಸಿಲು ಅಂದ್ರೆ ಬಿಸಿಲು. ವಸತಿಗೃಹದ ಯಜಮಾನ ನನ್ನ ಜಾಡಿಸಿದ್ದು ಜಾಡಿಸಿದ್ದೇ. ಅದು ಹೋಗಲಿ. ಅವರಿಗೆ ಮೈ ಹುಷಾರಿಲ್ವೋ ಏನೋ ಅಂತ.”

ಗುಬ್ಬಿ ಅವನಿಗೆ ನಿಜ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದವಳು, “ಮುಂದಿನ ಸಲ ಬರ್ತಾರೆ. ನಾನು ಹೇಳಿ ಕಳಿಸ್ತೀನಿ” ಎಂದುಬಿಟ್ಟಳು. ಅವನು ಹೋದ ಮೇಲೆ ಔಷಧಿ ಪೆಟ್ಟಿಗೆಗಳ ಹಿಂದೆ ಹೋಗಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ತನಗಾಗಿ ಬೀಸಿದ್ದನ್ನು ಐದು ವರ್ಷ ಒಬ್ಬ ಬೇರೆಯವನು ಅಷ್ಟು ಶ್ರದ್ಧೆಯಿಂದ ನೋಡಿಕೊಂಡಿದ್ದ.

ಮರುತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಪಾಸು ಹಿಡಿದು ಸೇತುವೆ ದಾಟಿ ಅಕ್ಕನ ಮನೆ ಬಾಗಿಲಿಗೆ ಬಂದಳು. ಅಕ್ಕ ಬಾಗಿಲು ತೆರೆದು, ಕಂದು ಕನ್ನಡಕದೊಳಗಿಂದ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

“ದಪ್ಪಗಾಗಿದೀಯ” ಎಂದಳು.

“ನಿನಗೆ ಈಗ ಕಾಣಿಸ್ತಿದೆ ಅಷ್ಟೇ” ಎಂದಳು ಗುಬ್ಬಿ. ಒಳಗೆ ಬಂದು, ಭಾವ ಕೊಟ್ಟ ಚಹಾ ಕುಡಿದು, ನೆಟ್ಟಗೆ ಮೇಜಿನ ಬಳಿ ಹೋಗಿ ಹಳದಿ ಬಟ್ಟೆಯನ್ನು ಎಳೆದು ಮಡಿಸಿದಳು.

“ಅದನ್ನೇನು ಮಾಡ್ತೀಯ?”

“ಗುಡ್ಡ ಹತ್ತುತ್ತೀನಿ. ಲಾಂಡ್ರಿಯವನಿಗೆ ಮಾತು ಕೊಟ್ಟಿದೀನಿ. ನಿನಗೆ ಇಷ್ಟ ಇದ್ರೆ ಬಾ, ಇಲ್ದಿದ್ರೆ ಇರು.”

ಅವಳು ಹೊರಟೇಬಿಟ್ಟಳು. ಅಕ್ಕ ಗಂಡನ ಮುಖ ನೋಡಿದಳು. “ಮೊದಲ್ನೇ ಬಾಗಿಲಿಗೇ ಕುಸಿದು ಬೀಳ್ತಾಳೆ. ಎತ್ಕೊಂಡು ಬರೋಕೆ ನಿಮ್ಮ ಕೈಲಾಗುತ್ತಾ?” ಎಂದು ಚಪ್ಪಲಿ ಮೆಟ್ಟಿದಳು.

“ನನ್ನ ಕೈಲಿ ನಾನೇ ಹತ್ತೋಕಾಗಲ್ಲ. ಹೋಗು” ಎಂದ ಟೈಂಕೀಪರ್.

ಮೆಟ್ಟಿಲುಗಳ ಬುಡದಲ್ಲಿ ಅಕ್ಕ ತಂಗಿಯನ್ನು ಹಿಡಿದಳು. ನೂರು ಮೆಟ್ಟಿಲಿನವರೆಗೆ ಇಬ್ಬರೂ ಮಾತಾಡಲಿಲ್ಲ. ಅಕ್ಕ ಸಿಟ್ಟಿಗೆ, ಗುಬ್ಬಿ ಉಸಿರಿಲ್ಲದೆ. ಮೊದಲನೆಯ ಬಾಗಿಲಿನ ನೆರಳಿನಲ್ಲಿ ಗುಬ್ಬಿ ಗೋಡೆಗೆ ಒರಗಿ ಕುಳಿತು ಲಾಂಡ್ರಿಯವನ ಕಥೆ ಹೇಳಿದಳು. ಹವಾಮಾನದವರು ಎಂಬಲ್ಲಿಗೆ ಬಂದಾಗ ಅಕ್ಕ ಮುಖ ಆಚೆ ತಿರುಗಿಸಿದಳು. ವರ್ಗವಾಯಿತೇ ಎಂಬಲ್ಲಿಗೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ಇಬ್ಬರೂ ಎಷ್ಟು ನಕ್ಕರೆಂದರೆ, ಫಲಕ ಓದುತ್ತಿದ್ದ ಪ್ರವಾಸಿಗಳಿಬ್ಬರು ಅದರಲ್ಲಿ ನಗುವಂಥದ್ದು ಏನಿದೆಯೆಂದು ಮತ್ತೊಮ್ಮೆ ಮೊದಲಿನಿಂದ ಓದಿದರು.

“ಆದ್ರೂ ನೀನು ಹೇಳಬೇಕಿತ್ತು” ಎಂದಳು ಅಕ್ಕ, ಎರಡನೆಯ ಬಾಗಿಲಿನಲ್ಲಿ.

“ಹೇಳಬೇಕಿತ್ತು. ತಪ್ಪು ನಂದೇ.” ಗುಬ್ಬಿ ಫಿರಂಗಿಯ ಮೇಲೆ ಕೈಯೂರಿ ನಿಂತಿದ್ದಳು. “ಆದ್ರೆ ಅಕ್ಕ, ನೀನು ಒಂದೇ ಒಂದು ಸಲ ಸೇತುವೆ ದಾಟಿದ್ರೆ ನನ್ನ ಮನೆ ಮುಂದೆ ನಾಲ್ಕಂತಸ್ತು ಎದ್ದಿರೋದು ಕನ್ನಡಕ ಇಲ್ದೇನೂ ಕಾಣ್ತಿತ್ತು.”

ಅಕ್ಕ ಮುಂದಿನ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿದಳು, ತಂಗಿಯ ಮೊಣಕೈ ಹಿಡಿದು.

ಮೇಲೆ ತಲುಪಿದಾಗ ಹನ್ನೊಂದೂ ಇಪ್ಪತ್ತು. ಗಾಳಿ ಜೋರಾಗಿತ್ತು. ದುರ್ಬೀನಿಗೆ ಕಣ್ಣಿಟ್ಟ ಗುಬ್ಬಿ, “ನಮ್ಮನೆ ನೀರಿನ ಟ್ಯಾಂಕಿನ ಮುಚ್ಚಳ ಮಾತ್ರ ಕಾಣುತ್ತೆ. ಮಿಕ್ಕಿದ್ದೆಲ್ಲ ಕಟ್ಟಡದ ಹಿಂದೆ” ಎಂದಳು. ಆಮೇಲೆ ದನಿ ತಗ್ಗಿಸಿ, “ಅಕ್ಕ, ಅವನು ನಿಂತಿದಾನೆ. ಸೊಂಟದ ಮೇಲೆ ಕೈಯಿಟ್ಕೊಂಡು ಈ ಕಡೆಯೇ ನೋಡ್ತಿದಾನೆ. ಕಂಬಳಿ ಎಲ್ಲ ಇನ್ನೂ ಬಕೆಟ್ಟಲ್ಲೇ ಇದೆ. ಬೀಸು” ಎಂದಳು.

ಅಕ್ಕ ಬಟ್ಟೆ ಬಿಚ್ಚಿ ಹಿಡಿದಳು. ಬೀಸಲಿಲ್ಲ. ಕನ್ನಡಕ ಸರಿಮಾಡಿಕೊಂಡು ಆಕಾಶ ನೋಡತೊಡಗಿದಳು.

“ಏನು ನೋಡ್ತೀಯ?”

“ಆ ಮೂಲೇಲಿ ಒಂದು ಮೋಡ ಇದೆ.”

“ಇದ್ರೆ?”

“ಇದ್ರೆ ಅಂದ್ರೆ? ನಲವತ್ತು ಕಂಬಳಿ ಕಣೇ. ಸುಮ್ಮನೆ ಬೀಸಿಬಿಡೋಕಾಗುತ್ತಾ?”

“ಐದು ವರ್ಷ ಬೀಸಿದೆಯಲ್ಲ.”

“ಆಗ ನನಗೆ ಗೊತ್ತಿರಲಿಲ್ಲ.”

ಹತ್ತು ನಿಮಿಷ ಅವಳು ಆ ಮೋಡವನ್ನು ಕಾದಳು. ಗಿರಾಕಿಯೊಬ್ಬ ಕೊನೆಯ ಸಾಲು ಓದಲಿ ಎಂದು ಕಾಯುವಷ್ಟೇ ತಾಳ್ಮೆಯಿಂದ. ಮೋಡ ಬೆಳ್ಳಗಿತ್ತು, ಅಂಚಿನಲ್ಲಿ ಸ್ವಲ್ಪ ಕಪ್ಪಿತ್ತು, ಎಡಕ್ಕೆ ಸರಿಯುತ್ತಿತ್ತು. ಗುಬ್ಬಿ ಹೇಳಿದಳು ಅದು ಹೊಳೆಗುಂಟ ಕೆಳಗೆ ಹೋಗುತ್ತದೆಂದು. ಅಕ್ಕ ಹೇಳಿದಳು ಈಗಿನ ಮೋಡಗಳನ್ನು ನಂಬುವ ಹಾಗಿಲ್ಲವೆಂದು. ಆಚೆ ಚಾವಣಿಯ ಮೇಲಿನವನು ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತುಕೊಂಡ. ದುರ್ಬೀನಿನಲ್ಲಿ ನೋಡುತ್ತಿದ್ದ ಗುಬ್ಬಿ ಅದನ್ನು ಹೇಳಿದ್ದೇ ಅಕ್ಕನ ಮನಸ್ಸು ಕರಗಿತು.

“ಪಾಪ, ಕೂತುಬಿಟ್ನಾ” ಎಂದು ಹಳದಿ ಬಟ್ಟೆ ಎತ್ತಿ ಬೀಸಿದಳು. ಕೆಂಪು ಚುಕ್ಕೆ ತಟ್ಟನೆ ಎದ್ದು, ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು. ಗುಬ್ಬಿಯೂ ಬಟ್ಟೆಯ ಒಂದು ತುದಿ ಹಿಡಿದಳು. ಐದು ನಿಮಿಷದಲ್ಲಿ ಆಚೆಯ ಚಾವಣಿ ಪೂರಾ ಕೆಂಪಾಯಿತು.

ಮಳೆ ಅವರಿಗೆ ಎರಡನೆಯ ಬಾಗಿಲಿನಲ್ಲಿ ಸಿಕ್ಕಿತು. ಎಡಕ್ಕೆ ಹೋದ ಮೋಡವಲ್ಲ, ಗುಡ್ಡದ ಹಿಂದೆ ಅವರು ನೋಡದೇ ಇದ್ದ ಇನ್ನೊಂದು. ಕಮಾನಿನ ಕೆಳಗೆ ಗೋಡೆಗೆ ಅಂಟಿಕೊಂಡು ನಿಂತರೂ ಕಾಲು ನೆನೆಯಿತು. ಅಕ್ಕನ ಮುಖ ನೋಡಿದರೆ ಕಂಬಳಿಗಳೆಲ್ಲ ಅವಳದೇ ಎನ್ನಬೇಕು.

“ನೀನೇ ಹೇಳಿದ್ದು ಹೊಳೆಗುಂಟ ಹೋಗುತ್ತೆ ಅಂತ.”

“ಬೀಸಿದ್ದು ನೀನು. ಹವಾಮಾನದೋಳು ನೀನು” ಎಂದಳು ಗುಬ್ಬಿ. “ನಾಳೆ ಅಂಗಡಿಗೆ ಬಂದು ಅವನು ಕೇಳಿದ್ರೆ ನಾನೇನು ಹೇಳಲಿ?”

“ಏನೂ ಹೇಳಬೇಡ. ನಾನೇ ಬಂದು ಹೇಳ್ತೀನಿ. ನಾಳೆಯೇ ಪಾಸಿಗೆ ಅರ್ಜಿ ಹಾಕ್ತೀನಿ.”

ಗುಬ್ಬಿ ಒದ್ದೆ ಕೂದಲು ಹಿಂಡುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದಳು. “ತಂಗಿ ಮನೆಗೆ ಬರೋಕೆ ಆರು ವರ್ಷ ಪುರುಸೊತ್ತಿರಲಿಲ್ಲ. ಲಾಂಡ್ರಿಯವನ ಹತ್ರ ತಪ್ಪಾಯ್ತು ಅನ್ನೋಕೆ ನಾಳೆಯೇ ಪುರುಸೊತ್ತು.”

“ಹೌದು ಕಣೇ” ಎಂದಳು ಅಕ್ಕ. ಅಷ್ಟೇ ಹೇಳಿದಳು. ತಂಗಿಗೂ ಅಷ್ಟೇ ಸಾಕಿತ್ತು.

ಜಿಲ್ಲಾ ಕಚೇರಿಯಲ್ಲಿ ಎರಡು ದಿನವಲ್ಲ, ಮೂರು ದಿನ ನಿಲ್ಲಬೇಕಾಯಿತು. ಅಂಗಡಿ ಮುಚ್ಚಿದ್ದಕ್ಕೆ ಊರೇನೂ ಕುರುಡಾಗಲಿಲ್ಲ. ಹದಿನೈದು ದಿನದ ಮೇಲೆ, ಒಂದು ಗುರುವಾರ, ಅಕ್ಕ ಗಂಡನ ಜೊತೆ ಸೇತುವೆ ದಾಟಿದಳು. ಗುಬ್ಬಿ ಅವರನ್ನು ಮೊದಲು ತನ್ನ ಮನೆಗೆ ಕರೆದೊಯ್ಯಬೇಕೆಂದಿದ್ದಳು. ಅಕ್ಕ ಕೇಳಲಿಲ್ಲ. ಎದುರಿನ ಕಟ್ಟಡದ ಮೆಟ್ಟಿಲು ಹತ್ತಿ ಚಾವಣಿಗೆ ಹೋದಳು. ನಾಲ್ಕೇ ಅಂತಸ್ತು, ಅವಳಿಗೆ ಲೆಕ್ಕಕ್ಕಿರಲಿಲ್ಲ.

ಲಾಂಡ್ರಿಯವನು ದೊಡ್ಡ ಬಿಳಿ ಹಾಸುಬಟ್ಟೆ ಹಿಂಡುತ್ತಿದ್ದ. ಹತ್ತಿರದಿಂದ ನೋಡಿದರೆ ಮೀಸೆಯಲ್ಲಿ ಅರ್ಧ ನರೆತಿತ್ತು. ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಾನು ಹವಾಮಾನದವಳಲ್ಲ, ಕನ್ನಡಕದ ಅಂಗಡಿಯವಳು, ತಂಗಿಯೆಂದುಕೊಂಡು ಬೀಸುತ್ತಿದ್ದದ್ದು, ಕಣ್ಣು ಸರಿಯಿರಲಿಲ್ಲ, ಮೊನ್ನೆ ಕಂಬಳಿ ನೆನೆದದ್ದಕ್ಕೆ ತಾನೇ ಕಾರಣ.

ಅವನು ಹಾಸುಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು, ಒಮ್ಮೆ ಅಕ್ಕನನ್ನು, ಒಮ್ಮೆ ಗುಬ್ಬಿಯನ್ನು, ಒಮ್ಮೆ ದೂರದ ಕೋಟೆಯನ್ನು ನೋಡಿದ.

“ಐದು ವರ್ಷದಲ್ಲಿ ಒಂದು ಸಲ ತಪ್ಪಿದೀರ ಅಮ್ಮ. ರೇಡಿಯೋದಲ್ಲಿ ಹೇಳೋರು ವಾರಕ್ಕೆ ಎರಡು ಸಲ ತಪ್ತಾರೆ. ಅವರು ಯಾವತ್ತೂ ಮೆಟ್ಟಿಲು ಹತ್ತಿ ಬಂದು ಹೇಳಿಲ್ಲ.” ಸ್ವಲ್ಪ ತಡೆದು ಕೇಳಿದ, “ಹಾಗಾದ್ರೆ ಮುಂದಿನ ತಿಂಗಳು ಬರೋದಿಲ್ವಾ?”

ಅಕ್ಕ ತಂಗಿಯ ಮುಖ ನೋಡಿದಳು. ಗುಬ್ಬಿ ಬೇರೆ ಕಡೆ ನೋಡುತ್ತಿದ್ದಳು, ಬೇಕೆಂದೇ.

“ಒಂದು ತಿಂಗಳು ಕೋಟೆ, ಒಂದು ತಿಂಗಳು ಇಲ್ಲಿ” ಎಂದಳು ಅಕ್ಕ. “ಇಲ್ಲಿಗೆ ಬಂದ ತಿಂಗಳು ಬಾಯಲ್ಲೇ ಹೇಳ್ತೀನಿ.”

“ಹಾಗಾದ್ರೆ ಆಯ್ತು” ಎಂದ ಅವನು. ಆಮೇಲೆ ತೋಳಿನ ಮೇಲಿದ್ದ ಹಾಸುಬಟ್ಟೆಯ ತುದಿಯನ್ನು ಅವಳ ಕಡೆ ಚಾಚಿ, “ಇದೊಂದು ಒಬ್ಬನ ಕೈಲಿ ಆಗಲ್ಲ, ಸ್ವಲ್ಪ ಹಿಡೀರಿ” ಎಂದ.

ಅಕ್ಕ ಒಂದು ತುದಿ ಹಿಡಿದಳು, ಗುಬ್ಬಿ ಅವಳ ಪಕ್ಕದ ತುದಿ. ಮೂವರೂ ಸೇರಿ ಕೊಡವಿದಾಗ ಹಾರಿದ ನೀರೆಲ್ಲ ಟೈಂಕೀಪರನ ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಅವನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ಇಲ್ಲಿ ಅಂಗಿಗೆ ಇಸ್ತ್ರಿ ಎಷ್ಟು ಹೊತ್ತಿಗೆ ಸಿಗುತ್ತದೆಂದು ಲಾಂಡ್ರಿಯವನನ್ನು ವಿಚಾರಿಸಿದ.